ಗೆರೆ ಅಳಿದ ಹೆಬ್ಬೆಟ್ಟಿನ ಪಕ್ಕದಲ್ಲಿ ನಿಮ್ಮ ಸಂಘದ ಮೊಹರೂ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ಸಂಜೆ ನಮ್ಮೂರಿನ ಒಂದು ಸಂಘದ ಕಚೇರಿಯ ಜಗಲಿಯಲ್ಲಿ ಮುಕ್ಕಾಲು ಗಂಟೆ ಕುಳಿತಿದ್ದೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಬೀಡಿ ಕಾರ್ಮಿಕರ ಪಿಂಚಣಿಯ ಬಗ್ಗೆ ಬರೆದ ಮನವಿ, ಅದಕ್ಕೆ ಪಿನ್ ಹಾಕಿದ ಹನ್ನೊಂದು ಹಾಳೆ ಸಹಿ. ಅಧ್ಯಕ್ಷರು ಬಂದರು, ಚಹಾ ತರಿಸಿದರು, ಮನವಿಯನ್ನು ಪೂರ್ತಿ ಓದಿದರು. ಒಳ್ಳೆಯ ಮನುಷ್ಯ, ಚಿಕ್ಕವರಿದ್ದಾಗ ನಮ್ಮ ಅಂಗಳದಲ್ಲಿ ಕ್ರಿಕೆಟ್ ಆಡಿ ಎರಡು ಹೆಂಚು ಒಡೆದವರು. ಓದಿ ಮುಗಿಸಿ, "ಅಕ್ಕ, ನನ್ನ ಸಹಿ ಬೇಕಾದರೆ ಈಗಲೇ ಹಾಕುತ್ತೇನೆ. ಸಂಘದ ಮೊಹರು ಮಾತ್ರ ಕೇಳಬೇಡಿ" ಎಂದರು.

ಕಾರಣ ಕೇಳಿದೆ. ಮೊಹರು ಬಿದ್ದರೆ ಅದು ಸಂಘದ ನಿಲುವಾಗುತ್ತದೆ, ನಾಳೆ ಯಾರಾದರೂ ಇದು ರಾಜಕೀಯ ಎಂದರೆ ಉತ್ತರ ಕೊಡುವುದು ಕಷ್ಟ, ಬೈಲಾ ನೋಡಬೇಕು, ಮಹಾಸಭೆಯಲ್ಲಿ ಇಡಬೇಕು. ಅವರು ಹೇಳುತ್ತಾ ಹೋದರು. ನಾನು ಅವರ ತಲೆಯ ಹಿಂದಿದ್ದ ಗ್ರಾನೈಟ್ ಫಲಕವನ್ನು ಓದುತ್ತಿದ್ದೆ. ಕಟ್ಟಡಕ್ಕೆ ಹಣ ಕೊಟ್ಟವರ ಹೆಸರುಗಳು: ಮುಂಬೈಯಲ್ಲಿ ಹೋಟೆಲ್ ಇಟ್ಟವರು, ದುಬೈಯಲ್ಲಿರುವವರು, ಊರಿನ ಇಬ್ಬರು ಗುತ್ತಿಗೆದಾರರು. ಐದು ಸಾವಿರಕ್ಕಿಂತ ಮೇಲೆ ಕೊಟ್ಟವರಿಗೆ ಮಾತ್ರ ಅಲ್ಲಿ ಜಾಗ. ನನ್ನ ಅತ್ತೆಯ ಹೆಸರು ಆ ಫಲಕದಲ್ಲಿ ಇಲ್ಲ. ಕಟ್ಟಡಕ್ಕೆ ಪಂಚಾಂಗ, ಅಂದರೆ ಅಡಿಪಾಯ, ಹಾಕಿದ ವರ್ಷ, ಶನಿವಾರ ಬೀಡಿ ಕಂಪನಿಯ ಬ್ರಾಂಚಿನಿಂದ ಮಜೂರಿ ತಂದ ಕೂಡಲೇ, ಸೆರಗಿನ ಗಂಟು ಬಿಚ್ಚಿ ಹನ್ನೆರಡು ವಾರ ಹತ್ತು ಹತ್ತು ರೂಪಾಯಿ ಕೊಟ್ಟವರು ಅವರು. ರಸೀದಿ ಬರೆಯುತ್ತಿದ್ದದ್ದು ಈ ಅಧ್ಯಕ್ಷರ ತಂದೆಯೇ. ನಮ್ಮ ಓಣಿಯ ಎಲ್ಲ ಬೀಡಿಯ ಮನೆಗಳಿಂದಲೂ ಹಾಗೆಯೇ ಹೋಗಿದೆ.

ನಾನು ಯಾರು ಎಂದು ಹೇಳಬೇಕು. ತೊಕ್ಕೊಟ್ಟಿನಿಂದ ಸ್ವಲ್ಪ ಒಳಗಿನ ಊರಿನವಳು. ವಯಸ್ಸು 63. ಏಳನೆಯ ತರಗತಿ ಮುಗಿದದ್ದೇ ತಡ, ಬೀಡಿ ಕಟ್ಟುವ ಗೆರಸೆ (ಮೊರ) ತೊಡೆಯ ಮೇಲೆ ಬಂದು ಕುಳಿತಿತು. ಮದುವೆಯವರೆಗೆ ಅಮ್ಮನ ಪಾಸ್‌ಬುಕ್ಕಿನಲ್ಲಿ (ಬೀಡಿಯ ಲೆಕ್ಕ ಬರೆಯುವ ಕಂಪನಿಯ ಪುಸ್ತಕ) ಬೀಡಿ ಕಟ್ಟಿದೆ, ಮದುವೆಯ ಮೇಲೆ ಅತ್ತೆಯ ಪಾಸ್‌ಬುಕ್ಕಿನಲ್ಲಿ. ನನ್ನದೇ ಹೆಸರಿನ ಪುಸ್ತಕ ಆದದ್ದು 1996ರಲ್ಲಿ. ಬೀಡಿಯ ಮನೆಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಪುಸ್ತಕ ಒಂದು, ಕೈಗಳು ಮೂರು ಜೊತೆ. ಎಲೆ ನೆನೆಸಿ, ತಗಡಿಟ್ಟು ಕತ್ತರಿಸುವವರು ಒಬ್ಬರು, ಹೊಗೆಸೊಪ್ಪು ತುಂಬಿ ಸುತ್ತುವವರು ಇನ್ನೊಬ್ಬರು, ಶಾಲೆಯಿಂದ ಬಂದ ಮಗು ನೂಲು ಸುತ್ತಿ ಬಾಯಿ ಮಡಚುವುದು. ಲೆಕ್ಕದ ಪುಸ್ತಕದ ಪ್ರಕಾರ ಕಟ್ಟಿದವಳು ಒಬ್ಬಳೇ. ಹಾಗಾಗಿ ನಾನು ಇಪ್ಪತ್ತು ವರ್ಷ ಕಟ್ಟಿದ ಬೀಡಿ ಯಾವ ಲೆಕ್ಕದಲ್ಲೂ ಇಲ್ಲ. ಸೇದಿದವರ ಎದೆಯಲ್ಲಿ ಇದ್ದರೂ ಇರಬಹುದು.

58 ತುಂಬಿದಾಗ, 2020ರಲ್ಲಿ, ಪಿಂಚಣಿಗೆ ಅರ್ಜಿ ಹಾಕಿದೆ. ಲೆಕ್ಕ ನನಗೆ ಅರ್ಥವಾಗುತ್ತದೆ, ಆದ್ದರಿಂದ ಓದುಗರ ಮುಂದೆಯೂ ಇಡುತ್ತೇನೆ. ನೌಕರರ ಪಿಂಚಣಿ ಯೋಜನೆ ಬಂದದ್ದು 1995ರ ನವೆಂಬರ್ 16ರಂದು. ಬೇರೆ ಹೆಚ್ಚಿನ ಉದ್ಯಮಗಳಲ್ಲಿ ಭವಿಷ್ಯನಿಧಿಗೆ ಕಂಪನಿ ಕೊಡಬೇಕಾದದ್ದು ಕೂಲಿಯ ನೂರಕ್ಕೆ 12. ಬೀಡಿಯಲ್ಲಿ ನೂರಕ್ಕೆ 10. ಆ ಹತ್ತರಲ್ಲಿ 8.33 ಪಿಂಚಣಿಗೆ ಹೋಗುತ್ತದೆ, ಕೇಂದ್ರ ಸರ್ಕಾರ 1.16 ಸೇರಿಸುತ್ತದೆ. ನಿವೃತ್ತಿಯಾಗುವಾಗ ಕೊನೆಯ 60 ತಿಂಗಳ ಸರಾಸರಿ ಕೂಲಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ನನ್ನ ಸರಾಸರಿ ತಿಂಗಳಿಗೆ 2,400 ರೂಪಾಯಿ. ಸೇವೆ 24 ವರ್ಷ. 20 ವರ್ಷ ದಾಟಿದವರಿಗೆ ಎರಡು ವರ್ಷ ಹೆಚ್ಚು ಸಿಗುವುದರಿಂದ 26. ಗುಣಿಸಿ ಭಾಗಿಸಿದರೆ 891 ರೂಪಾಯಿ. ಕನಿಷ್ಠ ಪಿಂಚಣಿ ಸಾವಿರ ಎಂಬ ನಿಯಮ ಇರುವುದರಿಂದ ಅದು 1,000 ಆಯಿತು.

ಆ ನಿಯಮ ಜಾರಿಗೆ ಬಂದದ್ದು 2014ರ ಸೆಪ್ಟೆಂಬರ್ 1ರಂದು. ಅಂದಿನಿಂದ ಇಂದಿನವರೆಗೆ ಆ ಸಾವಿರ ಸಾವಿರವಾಗಿಯೇ ಇದೆ. ತುಟ್ಟಿಭತ್ಯೆ ಇಲ್ಲ. ಈಗ ಒಂದು ಗ್ಯಾಸ್ ಸಿಲಿಂಡರ್ ತಂದರೆ ಉಳಿಯುವುದು ಚಿಲ್ಲರೆ ಮಾತ್ರ. ಅದರಲ್ಲಿ ಸ್ವಲ್ಪ ಕುಚಲಕ್ಕಿ ಬಂದೀತು, ಬಿಪಿ ಮಾತ್ರೆ ಬಾರದು. ಬೂತಾಯಿ ಮೀನಿನ ಮಾತು ಎತ್ತುವುದಿಲ್ಲ, ಅದು ಬಲೆಗೆ ಬಿದ್ದ ದಿನದ ಭಾಗ್ಯ.

ಮನೆಯ ಯಜಮಾನಿ ಎಂಬ ಕಾರಣಕ್ಕೆ ನನಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರುತ್ತದೆ. ಅದಕ್ಕೆ ಕೃತಜ್ಞತೆಯಿದೆ, ಆ ಹಣ ಇಲ್ಲದಿದ್ದರೆ ನಮ್ಮ ಮನೆಯ ಎಷ್ಟೋ ತಿಂಗಳು ದಾಟುತ್ತಿರಲಿಲ್ಲ. ಆದರೆ ಮನೆಯಲ್ಲಿ ಸುಮ್ಮನೆ ಯಜಮಾನಿಯಾಗಿ ಕುಳಿತದ್ದಕ್ಕೆ ಎರಡು ಸಾವಿರ, ಬೆನ್ನು ಬಾಗಿಸಿ 24 ವರ್ಷ ದುಡಿದದ್ದಕ್ಕೆ ಒಂದು ಸಾವಿರ ಎಂಬ ಲೆಕ್ಕ ನನ್ನ ತಲೆಗೆ ಹೋಗುವುದಿಲ್ಲ. ಇನ್ನೊಂದು ಸುದ್ದಿಯನ್ನು ಪತ್ರಿಕೆಯಲ್ಲಿಯೇ ಓದಿದೆ. 2025ರ ಮಾರ್ಚ್‌ನಲ್ಲಿ ಮಾಜಿ ಸಂಸದರ ಪಿಂಚಣಿ ತಿಂಗಳಿಗೆ 25,000ದಿಂದ 31,000ಕ್ಕೆ ಏರಿತು, ಅದೂ 2023ರ ಏಪ್ರಿಲ್‌ನಿಂದ ಅನ್ವಯವಾಗುವಂತೆ. ಏರಿಕೆಗೆ ಕೊಟ್ಟ ಆಧಾರ ಹಣದುಬ್ಬರದ ಸೂಚ್ಯಂಕ. ಅವರಿಗೆ ಬೇಡ ಎನ್ನಲು ನಾನು ಯಾರು? ಬೆಲೆ ಏರುತ್ತದೆ ಎಂಬ ವಿಷಯ ದಿಲ್ಲಿಗೆ ಗೊತ್ತಿದೆ ಎಂದು ಅದರಿಂದ ತಿಳಿಯಿತು, ಅಷ್ಟು ಸಾಕು.

ಸಹಿ ಹಾಕಿ ಕಳುಹಿಸುವುದರಿಂದ ಏನು ಪ್ರಯೋಜನ ಎಂದು ಕೇಳುವವರು ಪ್ರತಿ ಗೇಟಿನಲ್ಲಿ ಒಬ್ಬರಾದರೂ ಸಿಗುತ್ತಾರೆ. ರಾಜ್ಯಸಭೆಯಲ್ಲಿ ಅರ್ಜಿಗಳ ಸಮಿತಿ ಎಂಬುದೊಂದಿದೆ. ನಾಗರಿಕರು ಸಹಿ ಮಾಡಿ ಕಳುಹಿಸಿದ ಅರ್ಜಿಗಳನ್ನು ನೋಡುವುದೇ ಅದರ ಕೆಲಸ. ಈ ಪಿಂಚಣಿಯ ಬಗ್ಗೆ ಬಂದ ಅರ್ಜಿಯನ್ನು ಭಗತ್ ಸಿಂಗ್ ಕೋಶಿಯಾರಿ ಅವರ ಅಧ್ಯಕ್ಷತೆಯ ಆ ಸಮಿತಿ ಪರಿಶೀಲಿಸಿ, ಕನಿಷ್ಠ 3,000 ರೂಪಾಯಿ ಕೊಡಬೇಕು ಎಂದು 2013ರಲ್ಲಿ ಶಿಫಾರಸು ಮಾಡಿತು. ಮರುವರ್ಷ ಬಂದದ್ದು ಸಾವಿರ. ಮೂರರಲ್ಲಿ ಒಂದು ಭಾಗ. 2013ರಲ್ಲಿಯೇ ಸಂಸತ್ತಿನ ಸಮಿತಿ ಕಡಿಮೆ ಎಂದದ್ದನ್ನು ನಾವು ಇವತ್ತು ಕಡಿಮೆ ಎಂದರೆ ಅದು ಅತಿಯಾಸೆ ಹೇಗಾಗುತ್ತದೆ? ದೇಶದ ಬೇರೆ ಕಡೆಯ ಪಿಂಚಣಿದಾರರ ಸಂಘಟನೆಗಳು 7,500 ರೂಪಾಯಿ ಮತ್ತು ಅದರ ಮೇಲೆ ತುಟ್ಟಿಭತ್ಯೆ ಕೇಳುತ್ತಿವೆ. ನಮ್ಮ ಮನವಿಯೂ ಅದೇ ಮಾತನ್ನು ಹೇಳುತ್ತದೆ.

ಮೊದಲು ಸಿಕ್ಕಿದ ಯಾವುದೂ ತಾನಾಗಿ ಬಂದದ್ದಲ್ಲ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಕಾಯ್ದೆ ಬಂತು. ಅದರ ವಿರುದ್ಧ ಬೀಡಿ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆ ತೀರ್ಪು ಕಾನೂನು ಪುಸ್ತಕಗಳಲ್ಲಿ ನಮ್ಮ ಮಂಗಳೂರಿನ ಹೆಸರಿನಲ್ಲಿಯೇ ದಾಖಲಾಗಿದೆ. ಮನೆಯಲ್ಲಿ ಕುಳಿತು ಕಟ್ಟುವವರೂ ಭವಿಷ್ಯನಿಧಿಯ ಮಟ್ಟಿಗೆ ಕಂಪನಿಯ ನೌಕರರೇ ಎಂದು ಅದೇ ಕೋರ್ಟು 1985ರಲ್ಲಿ ಹೇಳದಿದ್ದರೆ ನನಗೆ ಈ ಸಾವಿರವೂ ಬರುತ್ತಿರಲಿಲ್ಲ.

ಈಗ ಹೆಬ್ಬೆಟ್ಟಿನ ವಿಷಯ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕು. ಈಗ ಅದು ಹೆಚ್ಚಾಗಿ ಕಾಗದದಲ್ಲಿ ಅಲ್ಲ, ಯಂತ್ರದ ಮೇಲೆ ಬೆರಳಿಟ್ಟು. ಬೀಡಿ ಕಟ್ಟಿದ ಬೆರಳು ಹೇಗಿರುತ್ತದೆ ಎಂದು ಆ ಯಂತ್ರ ಮಾಡಿದವರು ನೋಡಿರಲಿಕ್ಕಿಲ್ಲ. ದಿನಕ್ಕೆ ಏಳುನೂರು, ಎಂಟುನೂರು ಬೀಡಿ, ಪ್ರತಿಯೊಂದನ್ನೂ ಹೆಬ್ಬೆಟ್ಟು ಮತ್ತು ತೋರುಬೆರಳ ನಡುವೆ ಹೊರಳಿಸಿ ಬಿಗಿಯಬೇಕು. ವರ್ಷಗಟ್ಟಲೆ ಎಲೆ ಉಜ್ಜಿದ ಮೇಲೆ ಚರ್ಮದ ಗೆರೆಗಳು ಅಳಿದು ಬೆರಳ ತುದಿ ಹೊಳೆಯುತ್ತದೆ. ನನ್ನ ಮೊಮ್ಮಗಳು ಅದನ್ನು ಮುಟ್ಟಿ, "ಅಜ್ಜಿ, ನಿಮ್ಮ ಬೆರಳು ಚಮಚದ ಹಾಗಿದೆ" ಎನ್ನುತ್ತಾಳೆ.

ಎರಡು ವರ್ಷದ ಹಿಂದೆ ಆ ಚಮಚದ ಬೆರಳು ಹೊತ್ತುಕೊಂಡು ಒಂದು ಬ್ಯಾಂಕಿಗೆ ಮೂರು ಬಾರಿ, ಒಂದು ಸೇವಾ ಕೇಂದ್ರಕ್ಕೆ ಎರಡು ಬಾರಿ ಹೋದೆ. ಸೋಪು ಹಾಕಿ ತೊಳೆಯಿರಿ ಎಂದರು, ತೊಳೆದೆ. ತೆಂಗಿನೆಣ್ಣೆ ಹಚ್ಚಿ ಎಂದರು, ಹಚ್ಚಿದೆ. ಎಡಗೈ, ಬಲಗೈ, ಕಿರುಬೆರಳು, ಎಲ್ಲವನ್ನೂ ಒತ್ತಿಸಿಕೊಂಡ ಹುಡುಗ ಕೊನೆಗೆ, "ಅಜ್ಜಿ, ಯಂತ್ರ ನಿಮ್ಮನ್ನು ಒಪ್ಪುವುದಿಲ್ಲ" ಎಂದ. ಪಾಪ, ಅವನ ಮುಖದಲ್ಲಿಯೂ ಬೇಸರವಿತ್ತು. ನಾಲ್ಕು ತಿಂಗಳು ಪಿಂಚಣಿ ನಿಂತಿತು. ಮುಖ ತೋರಿಸಿ ಮೊಬೈಲಿನಲ್ಲಿಯೇ ಪ್ರಮಾಣಪತ್ರ ಮಾಡುವ ವ್ಯವಸ್ಥೆ ಆಗಲೇ ಬಂದಿತ್ತು ಎಂದು ಆ ಐದು ಬಾರಿಯಲ್ಲಿ ಒಬ್ಬರೂ ಹೇಳಲಿಲ್ಲ. ಕೊನೆಗೆ ತಂಗಿಯ ಮಗ ರಜೆಯಲ್ಲಿ ಬಂದಾಗ ಅವನ ಮೊಬೈಲ್ ಹಿಡಿದು, "ದೊಡ್ಡಮ್ಮ, ಕಣ್ಣು ಮಿಟುಕಿಸಿ" ಎಂದ. ಮಿಟುಕಿಸಿದೆ. ನಾನು ಬದುಕಿದ್ದೇನೆ ಎಂಬುದು ಸಿದ್ಧವಾಯಿತು. ಎರಡು ನಿಮಿಷದ ಕೆಲಸ. ಅಂಥ ಮೊಬೈಲ್ ಇಲ್ಲದ, ತಂಗಿಯ ಮಗ ಇಲ್ಲದ ಹೆಂಗಸರು ನಮ್ಮ ಓಣಿಯಲ್ಲಿಯೇ ಇದ್ದಾರೆ.

ಹೀಗೆ ಉಳ್ಳಾಲ ಭಾಗದ ನಾವು ಇಪ್ಪತ್ತಮೂರು ಮಂದಿ ನಿವೃತ್ತ ಕಾರ್ಮಿಕೆಯರು ಸೇರಿ ಮನವಿ ಬರೆದೆವು. ಹಿಂದೂ, ಬ್ಯಾರಿ ಮುಸ್ಲಿಮರು, ಕ್ರಿಸ್ತಿಯನ್ನರು ಎಲ್ಲರೂ ಇದ್ದೇವೆ. ಬ್ರಾಂಚಿನ ಸಾಲಿನಲ್ಲಿ ಹೇಗೆ ನಿಲ್ಲುತ್ತಿದ್ದೆವೋ ಹಾಗೆ. ಮನವಿಯಲ್ಲಿ ಮೂರು ಮಾತು. ಕನಿಷ್ಠ ಪಿಂಚಣಿ ಏರಲಿ, ತುಟ್ಟಿಭತ್ಯೆ ಸೇರಲಿ. ಬೆರಳ ಗೆರೆ ಅಳಿದವರ ಪ್ರಮಾಣಪತ್ರಕ್ಕೆ ಪಂಚಾಯಿತಿ ಮಟ್ಟದಲ್ಲಿ, ವರ್ಷಕ್ಕೆ ಒಂದು ದಿನವಾದರೂ, ಮುಖ ಗುರುತಿಸುವ ಮೊಬೈಲ್ ಹಿಡಿದ ಒಬ್ಬ ನೌಕರ ಬಂದು ಕುಳಿತುಕೊಳ್ಳಲಿ. ಪ್ರಮಾಣಪತ್ರ ತಡವಾದರೆ ಪಿಂಚಣಿಯನ್ನು ಏಕಾಏಕಿ ನಿಲ್ಲಿಸುವ ಮೊದಲು ಮನೆಗೆ ಒಂದು ಕಾಗದ ಬರಲಿ. ಇದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೂ ಭವಿಷ್ಯನಿಧಿಯ ಕೇಂದ್ರ ಟ್ರಸ್ಟಿಗಳ ಮಂಡಳಿಗೂ ನಮ್ಮ ಸಂಸದರಿಗೂ ಹೋಗುತ್ತದೆ.

ಸಹಿ ಸಂಗ್ರಹಿಸಲು ಹೊರಟಾಗ ಒಂದು ವಿಚಿತ್ರ ಕಂಡಿತು. ನಮ್ಮಲ್ಲಿ ಓದು ಬಾರದ ಹಿರಿಯರು ಹೆಬ್ಬೆಟ್ಟು ಒತ್ತಿದರು. ಹಾಳೆಯ ಮೇಲೆ ಬಿದ್ದದ್ದು ನೀಲಿ ಬೊಟ್ಟುಗಳು. ಒಂದರಲ್ಲಿಯೂ ಗೆರೆ ಇಲ್ಲ. ಯಾವುದು ಯಾರದು ಎಂದು ಹೇಳಲಾಗದು, ಮಗು ಶಾಯಿಯಲ್ಲಿ ಆಡಿದ ಹಾಗಿದೆ. ದಿಲ್ಲಿಯಲ್ಲಿ ಆ ಹಾಳೆ ತೆರೆದವರು ಏನೆಂದುಕೊಂಡಾರು? ಅದಕ್ಕೇ ಸಂಘ ಸಂಸ್ಥೆಗಳ ಬೆಂಬಲ ಪತ್ರ ಕೇಳುತ್ತಿದ್ದೇವೆ. ಇವರು ನಮ್ಮೂರಿನವರು, ಇವರು ದುಡಿದದ್ದನ್ನು ನಾವು ಬಲ್ಲೆವು ಎಂದು ನೋಂದಣಿ ಸಂಖ್ಯೆ ಇರುವ ಒಂದು ಹಾಳೆಯಲ್ಲಿ ನಾಲ್ಕು ಸಾಲು, ಕೆಳಗೆ ದುಂಡನೆಯ ಮೊಹರು.

ಬೀಡಿ ಆರೋಗ್ಯಕ್ಕೆ ಕೆಟ್ಟದ್ದು, ಅದಕ್ಕೆ ಹೇಗೆ ಬೆಂಬಲ ಕೊಡುವುದು ಎಂದು ಒಬ್ಬ ಉಪನ್ಯಾಸಕರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಕೆಟ್ಟದ್ದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊಗೆಸೊಪ್ಪಿನ ಧೂಳು ಕುಡಿದು ಅತ್ತೆ ಕೊನೆಯ ಆರು ವರ್ಷ ಕುಳಿತೇ ನಿದ್ರೆ ಮಾಡಿದರು. ಒಂದು ಬೀಡಿಯನ್ನೂ ಅವರು ಸೇದಿದವರಲ್ಲ. ಬೀಡಿ ಉಳಿಯಲಿ ಎಂದು ನಮ್ಮ ಮನವಿ ಎಲ್ಲಿಯೂ ಕೇಳಿಲ್ಲ. ನನ್ನ ಮಗಳು ಗೆರಸೆ ಮುಟ್ಟಲಿಲ್ಲ, ಮುಟ್ಟಲು ನಾನು ಬಿಡಲೂ ಇಲ್ಲ. ಬೀಡಿ ನಾಳೆಯೇ ನಿಂತರೂ ನಿನ್ನೆಯವರೆಗೆ ಕಟ್ಟಿದವರು ಇನ್ನೂ ಇಪ್ಪತ್ತು ವರ್ಷ ಬದುಕಬೇಕಲ್ಲ? ಉಪನ್ಯಾಸಕರು ಸಹಿ ಹಾಕಿದರು.

ರಾಜಕೀಯ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಸುರತ್ಕಲ್ ಟೋಲ್‌ಗೇಟ್ ತೆಗೆಯಬೇಕೆಂದು ವರ್ಷಗಟ್ಟಲೆ ಹೋರಾಟ ನಡೆಯಿತು. ಬೇರೆ ಬೇರೆ ಪಕ್ಷದವರೂ ಸಂಘಟನೆಗಳವರೂ ಜೊತೆಗೂಡಿದರು, 2022ರ ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತಿತು. ನಮಗೆಲ್ಲ ಸಂತೋಷವೇ ಆಯಿತು. ಕಾರಿದ್ದವರ ಸುಂಕ ಊರಿನ ಪ್ರಶ್ನೆಯಾದರೆ, ಬಸ್ಸಿನಲ್ಲಿ ಓಡಾಡುವವರ ಪಿಂಚಣಿ ಯಾಕೆ ರಾಜಕೀಯವಾಗಬೇಕು?

ಇಷ್ಟು ಬರೆದ ಮೇಲೆ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಹದಿನಾಲ್ಕು ವರ್ಷ ನಮ್ಮ ಮಹಿಳಾ ಮಂಡಲದ ಕಾರ್ಯದರ್ಶಿಯಾಗಿದ್ದೆ. ನಡಾವಳಿ ಪುಸ್ತಕ ಬರೆದದ್ದು ನಾನೇ. ಮೊಹರು ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಮೇಲೆ ಇರುತ್ತಿತ್ತು. ಎಂಡೋಸಲ್ಫಾನ್ ನಿಷೇಧದ ಹೋರಾಟ ಜೋರಾಗಿದ್ದ ಕಾಲದಲ್ಲಿ ಇಬ್ಬರು ಕಾಲೇಜು ಹುಡುಗರು ಬೆಂಬಲ ಪತ್ರ ಕೇಳಿಕೊಂಡು ಮನೆಗೆ ಬಂದರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷದ ಬಗ್ಗೆ, ಅದರಿಂದ ನರಳುವ ಕೊಕ್ಕಡ ಕಡೆಯ ಮಕ್ಕಳ ಬಗ್ಗೆ ಹೇಳಿದರು. ಕೇಳುವಾಗ ಕಣ್ಣಲ್ಲಿ ನೀರು ಬಂತು. ಕೇಳಿ ಮುಗಿದ ಮೇಲೆ, "ಮುಂದಿನ ಸಭೆಯಲ್ಲಿ ಇಡುತ್ತೇವೆ" ಎಂದೆ. ಮುಂದಿನ ಸಭೆಯಲ್ಲಿ ವಾರ್ಷಿಕೋತ್ಸವದ ಸೀರೆಯ ಬಣ್ಣ ಚರ್ಚೆಯಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನ್‌ಗೆ ದೇಶವ್ಯಾಪಿ ತಡೆ ಕೊಟ್ಟಿತು. ಪತ್ರಿಕೆಯಲ್ಲಿ ಓದಿ ಸಂತೋಷಪಡಬೇಕೆಂದು ಹೊರಟವಳಿಗೆ ಅಕ್ಕಿ ಡಬ್ಬಿಯ ಮೇಲಿನ ಮೊಹರು ಕಂಡಿತು. ಆ ಹುಡುಗರು ಚಹಾ ಕುಡಿಯದೆ ಹೋಗಿದ್ದರು, ಬಿಸಿಲಿನಲ್ಲಿ, ಇನ್ನೊಂದು ಮನೆಗೆ. ಆದ್ದರಿಂದ ಮೊನ್ನೆ ಅಧ್ಯಕ್ಷರು ಮಹಾಸಭೆ ಎಂದಾಗ ನನಗೆ ಕೋಪ ಬರಲಿಲ್ಲ. ಆ ಮಾತನ್ನು ನಾನೇ ಆಡಿದ್ದೆ.

ಹಾಗಾಗಿ ಮೊದಲು ಕೇಳುವುದು ಕಾರ್ಯದರ್ಶಿಗಳನ್ನು. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರ, ಜಮಾಅತ್, ಚರ್ಚಿನ ಸ್ತ್ರೀ ಸಂಘಟನೆ, ಹಾಲು ಉತ್ಪಾದಕರ ಸಂಘ, ಸ್ವಸಹಾಯ ಗುಂಪು, ಯಕ್ಷಗಾನ ಸಂಘ, ಹುಲಿವೇಷದ ತಂಡ, ಹಳೆ ವಿದ್ಯಾರ್ಥಿ ಸಂಘ, ಯಾವುದಾದರೂ ಸರಿ. ನಿಮ್ಮ ಹಳೆಯ ರಸೀದಿ ಪುಸ್ತಕಗಳನ್ನು ಒಮ್ಮೆ ತೆರೆದು ನೋಡಿ. ಐದು, ಹತ್ತು ರೂಪಾಯಿಯ ರಸೀದಿಗಳಲ್ಲಿ ಇರುವ ಹೆಸರು ಹೆಂಗಸರದ್ದು, ಬರೆದ ದಿನ ಶನಿವಾರದ್ದು. ವೈದ್ಯರು, ವಕೀಲರು, ನಿವೃತ್ತ ಶಿಕ್ಷಕರು ತಮ್ಮ ಹೆಸರಿನಲ್ಲಿ ಬರೆದರೆ ಅದಕ್ಕೂ ತೂಕವಿದೆ. ವಿಶೇಷವಾಗಿ ಚರ್ಮದ ವೈದ್ಯರು: ಬೀಡಿ ಕಟ್ಟಿದ ಕೈಯಲ್ಲಿ ಗೆರೆ ಯಾಕೆ ಉಳಿಯುವುದಿಲ್ಲ ಎಂದು ನೀವು ಎರಡು ಸಾಲು ಬರೆದುಕೊಟ್ಟರೆ ನಮ್ಮ ಹನ್ನೊಂದು ಹಾಳೆಗೆ ಸಾಕ್ಷಿ ಸಿಕ್ಕಿದಂತಾಗುತ್ತದೆ. ಬೀಡಿ ಹಣದಲ್ಲಿ ಫೀಸು ಕಟ್ಟಿ ಓದಿ ಈಗ ಬೆಂಗಳೂರಿನಲ್ಲಿಯೋ ಗಲ್ಫಿನಲ್ಲಿಯೋ ಇರುವ ಮಕ್ಕಳು, ಅಮ್ಮನ ಹೆಸರು ಬರೆದು ನಿಮ್ಮ ಸಹಿ ಹಾಕಿ ಕಳುಹಿಸಿ.

ಹಣ ಕೇಳುವುದಿಲ್ಲ. ಮೆರವಣಿಗೆಗೆ ಬನ್ನಿ ಎನ್ನುವುದಿಲ್ಲ. ಬೆಂಬಲಿಸಿದವರ ಪಟ್ಟಿಯನ್ನು ಮನವಿಯ ಕೊನೆಗೆ ಸೇರಿಸುತ್ತೇವೆ, ಬೇರೆ ಯಾವ ಕಾಗದಕ್ಕೂ ಯಾವ ಸಭೆಯ ಬ್ಯಾನರಿಗೂ ಆ ಹೆಸರುಗಳನ್ನು ಬಳಸುವುದಿಲ್ಲ. ಮೂರು ಮಾತುಗಳಲ್ಲಿ ಒಂದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಉಳಿದ ಎರಡಕ್ಕೆ ಮಾತ್ರ ಬೆಂಬಲ ಎಂದು ಬರೆಯಬಹುದು, ಹಾಗೆಯೇ ನಮೂದಿಸುತ್ತೇವೆ. ಈ ತಿಂಗಳ ಕೊನೆಗೆ ಮನವಿ ಹೊರಡುತ್ತದೆ. ಅಂಚೆ ಕಾರ್ಡಿನಲ್ಲಿ ಬರೆದರೂ ನಡೆಯುತ್ತದೆ. ನನ್ನ ವಿಳಾಸ ಪತ್ರಿಕಾ ಕಚೇರಿಯಲ್ಲಿದೆ, ಕೇಳಿದವರಿಗೆ ಕೊಡಬಹುದು ಎಂದು ಸಂಪಾದಕರಲ್ಲಿ ವಿನಂತಿ.

ಮೊನ್ನೆಯ ಸಂಘಕ್ಕೆ ಮುಂದಿನ ಭಾನುವಾರ ಮತ್ತೆ ಹೋಗುವವಳಿದ್ದೇನೆ. ಐದು ಗಂಟೆಗೆ ಬರುತ್ತೇನೆ ಎಂದು ಅಧ್ಯಕ್ಷರಿಗೆ ಹೇಳಿ ಬಂದೆ. ಅವರು ನಕ್ಕು, "ಅಕ್ಕ, ನಮ್ಮ ಸ್ಟಾಂಪ್ ಪ್ಯಾಡ್ ಒಣಗಿ ಹೋಗಿದೆ" ಎಂದರು. ಹೆಬ್ಬೆಟ್ಟು ಒತ್ತಿಸಲು ತೆಗೆದುಕೊಂಡ ಪ್ಯಾಡ್ ನನ್ನ ಚೀಲದಲ್ಲಿಯೇ ಇದೆ.

ಇತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಬೀಡಿ ಕಾರ್ಮಿಕೆ
ಉಳ್ಳಾಲ ತಾಲೂಕು, ಮಂಗಳೂರು